ಸಾರ್ವಜನಿಕ ವೆಚ್ಚ ಕಡಿತ ಮತ್ತು ಸೇವೆಯ ದಕ್ಷತೆ

ಸರ್ಕಾರವೊಂದು ತನ್ನ ಖರ್ಚನ್ನು ಇಳಿಸಿಕೊಂಡು, ಜನರಿಗೆ ಸಲ್ಲಬೇಕಾದ ಸೇವೆಗಳನ್ನು ಮಾತ್ರ ಮೊದಲಿನಂತೆಯೇ ನಡೆಸಿಕೊಂಡು ಹೋಗುವುದು ಸಾಧ್ಯವೇ ಎಂಬುದು ಸಾರ್ವಜನಿಕ ಹಣಕಾಸಿನ ಹಳೆಯ ಪ್ರಶ್ನೆ. ಸಾಧ್ಯವಿದೆ ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ಇತಿಹಾಸದಲ್ಲಿ ಬೇಕಾದಷ್ಟು ನಿದರ್ಶನಗಳಿವೆ. ಈ ನಿದರ್ಶನಗಳನ್ನು ಬೇರ್ಪಡಿಸಿ ನೋಡಬೇಕಾದರೆ ವೆಚ್ಚ ಎಂಬ ಮಾತಿನ ಅರ್ಥವನ್ನು ಆಯವ್ಯಯ ಪುಸ್ತಕದಿಂದ ಆಚೆಗೂ ಹಿಗ್ಗಿಸಿಕೊಳ್ಳಬೇಕಾಗುತ್ತದೆ. ಒಂದು ಆದಾಯ ಪ್ರಮಾಣಪತ್ರಕ್ಕಾಗಿ ಮೂರು ದಿನ ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಅಲೆದವನ ಆ ಮೂರು ದಿನದ ಕೂಲಿ ಆ ಸೇವೆಯ ವೆಚ್ಚದ ಭಾಗವೇ. ಹಣವಿಲ್ಲವೆಂದು ಈ ಬೇಸಿಗೆಯಲ್ಲಿ ದುರಸ್ತಿ ಮಾಡದೆ ಬಿಟ್ಟ ಕೆರೆಯ ತೂಬು ಮಳೆಗಾಲದಲ್ಲಿ ಕಿತ್ತುಹೋದರೆ, ಅದನ್ನು ಕಟ್ಟುವ ಹಣವೂ ಕೊಚ್ಚಿಹೋದ ಬೆಳೆಯ ಬೆಲೆಯೂ ಈ ಬೇಸಿಗೆಯ ಉಳಿತಾಯದ ಎದುರಿಗೆ ಬರೆಯಬೇಕಾದ ಬಾಬತ್ತುಗಳು. ಆದ್ದರಿಂದ ಯಾವುದೇ ಕಡಿತದ ಮುಂದೆ ಇಡಬೇಕಾದ ಪ್ರಶ್ನೆ ಒಂದೇ: ಖರ್ಚು ನಿಜಕ್ಕೂ ಇಲ್ಲವಾಯಿತೇ, ಅಥವಾ ಖಜಾನೆಯ ಲೆಕ್ಕದಿಂದ ಎದ್ದು ಬೇರೊಬ್ಬರ ಲೆಕ್ಕದಲ್ಲಿ ಹೋಗಿ ಕುಳಿತಿತೇ? ಮೊದಲನೆಯದನ್ನು ಮಿತವ್ಯಯ ಎನ್ನಬಹುದು. ಎರಡನೆಯದಕ್ಕೆ ಆ ಹೆಸರು ಸಲ್ಲದು.

ಮೊದಲ ಮಹಾಯುದ್ಧದ ಸಾಲದ ಹೊರೆಯಲ್ಲಿದ್ದ ಬ್ರಿಟನ್ 1921ರಲ್ಲಿ ಸರ್ ಎರಿಕ್ ಗೆಡ್ಡಿಸ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ರಕ್ಷಣೆ, ಶಿಕ್ಷಣ, ಆರೋಗ್ಯಗಳ ಮೇಲೆ ಅದು ಸೂಚಿಸಿದ ಕಡಿತ ಎಷ್ಟು ಕಟುವಾಗಿತ್ತೆಂದರೆ ‘ಗೆಡ್ಡಿಸ್ ಕೊಡಲಿ’ ಎಂಬ ಹೆಸರೇ ಅದಕ್ಕೆ ನಿಂತುಹೋಯಿತು. ಅದರ ಬೆನ್ನಿಗೇ, 1922-23ರಲ್ಲಿ, ಭಾರತ ಸರ್ಕಾರವೂ ಲಾರ್ಡ್ ಇಂಚ್‌ಕೇಪ್ ನೇತೃತ್ವದ ಸಮಿತಿಯ ಮೂಲಕ ಸೇನೆಯಿಂದ ಹಿಡಿದು ನಾಗರಿಕ ಇಲಾಖೆಗಳವರೆಗೆ ಖರ್ಚು ತಗ್ಗಿಸುವ ದಾರಿ ಹುಡುಕಿತು. 1955ರಲ್ಲಿ ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್, ಬ್ರಿಟನ್ನಿನ ನೌಕಾಪಡೆಯ ಹಡಗುಗಳ ಸಂಖ್ಯೆ ಇಳಿಯುತ್ತಿದ್ದ ವರ್ಷಗಳಲ್ಲೇ ಅದರ ಕಚೇರಿಯ ಅಧಿಕಾರಿಗಳ ಸಂಖ್ಯೆ ಏರಿದ್ದನ್ನು ತೋರಿಸಿ, ಆಡಳಿತಯಂತ್ರ ಕೆಲಸದ ಹಂಗಿಲ್ಲದೆ ತಾನೇ ಬೆಳೆಯುತ್ತದೆಂದು ವಾದಿಸಿದರು. 1970ರ ದಶಕದಲ್ಲಿ ಜಿಮ್ಮಿ ಕಾರ್ಟರ್, ಮೊದಲು ಜಾರ್ಜಿಯಾದ ಗವರ್ನರ್ ಆಗಿ, ಆಮೇಲೆ ಅಮೆರಿಕದ ಅಧ್ಯಕ್ಷರಾಗಿ, ಪ್ರತಿ ಬಾಬತ್ತನ್ನೂ ಪ್ರತಿ ವರ್ಷ ಸೊನ್ನೆಯಿಂದ ಸಮರ್ಥಿಸಿಕೊಳ್ಳಬೇಕೆಂಬ ಶೂನ್ಯಾಧಾರಿತ ಆಯವ್ಯಯವನ್ನು ಜಾರಿಗೆ ತಂದರು. 1980ರ ದಶಕದ ನಡುವೆ ಭಾರತದ ಕೇಂದ್ರ ಸರ್ಕಾರವೂ ಅದನ್ನು ಪ್ರಯತ್ನಿಸಿತು. ಎರಡೂ ಕಡೆ ಅದು ಕಾಗದದ ರಾಶಿಯನ್ನು ಬೆಳೆಸಿತೇ ಹೊರತು ಖರ್ಚಿನ ದಿಕ್ಕನ್ನು ಹೆಚ್ಚು ಬದಲಿಸಲಿಲ್ಲ. ಸಾವಿರಾರು ಬಾಬತ್ತುಗಳನ್ನು ಒಂದೇ ಋತುವಿನಲ್ಲಿ ಮೊದಲಿನಿಂದ ತೂಗಿ ನೋಡುವಷ್ಟು ವೇಳೆಯಾಗಲಿ ಕೈಗಳಾಗಲಿ ಯಾವ ಹಣಕಾಸು ಇಲಾಖೆಗೂ ಇರುವುದಿಲ್ಲ.

ಎಲ್ಲ ಇಲಾಖೆಗಳಿಗೂ ಒಂದೇ ಸಮನೆ ಶೇ 10ರಷ್ಟು ಕಡಿತ ಎಂಬ ಆದೇಶ ಎಲ್ಲಕ್ಕಿಂತ ಸುಲಭದ ದಾರಿಯಾಗಿ ಕಾಣುತ್ತದೆ. ಆಯವ್ಯಯದ ಒಳರಚನೆಯನ್ನು ಬಲ್ಲವರಿಗೆ ಅದು ಎಲ್ಲಿ ಹೋಗಿ ಬೀಳುತ್ತದೆಂದು ಮೊದಲೇ ಗೊತ್ತಿರುತ್ತದೆ. ಸಂಬಳ, ಪಿಂಚಣಿ, ಬಡ್ಡಿ ಇವು ಬದ್ಧ ವೆಚ್ಚ. ಆಯಾ ವರ್ಷದಲ್ಲಿ ಇವನ್ನು ಮುಟ್ಟುವಂತಿಲ್ಲ. ಇಲಾಖೆಯ ಹತ್ತು ರೂಪಾಯಿಯಲ್ಲಿ ಎಂಟು ರೂಪಾಯಿ ಹೀಗೆ ಕಟ್ಟಿಹಾಕಿದ್ದಾದರೆ, ಶೇ 10ರ ಕಡಿತ ಉಳಿದ ಎರಡು ರೂಪಾಯಿಯಲ್ಲಿ ಅರ್ಧವನ್ನು ನುಂಗುತ್ತದೆ. ಆ ಎರಡು ರೂಪಾಯಿಯಲ್ಲಿ ಇರುವುದಾದರೂ ಏನು? ಆಸ್ಪತ್ರೆಯ ಔಷಧಿ, ಪ್ರಯೋಗಾಲಯದ ರಾಸಾಯನಿಕ, ಪಂಪಿನ ಬಿಡಿಭಾಗ, ಶಾಲೆಯ ಚಾವಣಿಯ ಹೆಂಚು, ತಪಾಸಣೆಗೆ ಹೋಗಬೇಕಾದ ಜೀಪಿನ ಡೀಸೆಲ್. ವೈದ್ಯರ ಸಂಬಳ ನಿಲ್ಲುವುದಿಲ್ಲ, ಅವರ ಕೈಯಲ್ಲಿ ಕೊಡಲು ಮಾತ್ರೆ ಇರುವುದಿಲ್ಲ. ಇನ್ನೊಂದು ಸದ್ದಿಲ್ಲದ ಕಡಿತವೆಂದರೆ ಖಾಲಿ ಹುದ್ದೆ. ಕರ್ನಾಟಕದ ಮಂಜೂರಾದ ಸರ್ಕಾರಿ ಹುದ್ದೆಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ ಬಿದ್ದಿವೆ. ಯಾವ ಹುದ್ದೆ ಬೇಕು, ಯಾವುದು ಬೇಡ ಎಂದು ಕೂತು ನಿರ್ಧರಿಸಿ ಹುಟ್ಟಿದ ಉಳಿತಾಯ ಅದಲ್ಲ. ಯಾರು ಯಾವಾಗ ನಿವೃತ್ತರಾದರು ಎಂಬ ಆಕಸ್ಮಿಕದಿಂದ ಹುಟ್ಟಿದ್ದು. ಅಗತ್ಯವೇ ಇಲ್ಲದ ಹುದ್ದೆಯಲ್ಲಿ ಒಬ್ಬರು ಕುಳಿತೇ ಇರುತ್ತಾರೆ. ಅದೇ ಹೊತ್ತಿಗೆ ಮೂರು ಪಂಚಾಯಿತಿಗಳಿಗೆ ಒಬ್ಬರೇ ಅಭಿವೃದ್ಧಿ ಅಧಿಕಾರಿ ಓಡಾಡುತ್ತಿರುತ್ತಾರೆ.

ಆಯ್ದು ಕಡಿತ ಮಾಡಿದ ಪ್ರಯೋಗಗಳಲ್ಲಿ ಹೆಚ್ಚು ಚರ್ಚೆಯಾಗಿರುವುದು ಕೆನಡಾದ್ದು. 1990ರ ದಶಕದ ನಡುವೆ ಆ ದೇಶದ ಕೇಂದ್ರ ಸರ್ಕಾರದ ವರಮಾನದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬಡ್ಡಿಗೇ ಹೋಗುತ್ತಿತ್ತು. ಪ್ರಧಾನಿ ಜಾನ್ ಕ್ರೆಟಿಯೆನ್ ಮತ್ತು ಹಣಕಾಸು ಸಚಿವ ಪಾಲ್ ಮಾರ್ಟಿನ್ 1994ರಲ್ಲಿ ಎಲ್ಲ ಕಾರ್ಯಕ್ರಮಗಳ ಪರಾಮರ್ಶೆಯೊಂದನ್ನು ಆರಂಭಿಸಿದರು. ಪ್ರತಿ ಇಲಾಖೆಯೂ ತನ್ನ ಪ್ರತಿ ಕೆಲಸದ ಬಗ್ಗೆ ಉತ್ತರಿಸಬೇಕಿತ್ತು: ಇದರಿಂದ ಸಾರ್ವಜನಿಕರಿಗೆ ಈಗಲೂ ಉಪಯೋಗವಿದೆಯೇ, ಇದನ್ನು ಸರ್ಕಾರವೇ ಮಾಡಬೇಕೇ, ಕೇಂದ್ರವೇ ಮಾಡಬೇಕೇ ಅಥವಾ ಪ್ರಾಂತಕ್ಕೆ ಬಿಡಬಹುದೇ, ಹೊರಗಿನವರ ಜೊತೆ ಸೇರಿ ಮಾಡಬಹುದೇ, ಇನ್ನೂ ಚೆನ್ನಾಗಿ ಮಾಡುವ ದಾರಿ ಇದೆಯೇ, ಕೊನೆಗೆ, ಇದನ್ನು ಭರಿಸುವ ಶಕ್ತಿ ನಮಗಿದೆಯೇ. ಸೇವೆ ಬೇಕೇ ಎಂಬುದು ಮೊದಲು, ಹಣ ಇದೆಯೇ ಎಂಬುದು ಕೊನೆಗೆ. ಈ ಸರಣಿಯಲ್ಲೇ ಪರಾಮರ್ಶೆಯ ಸತ್ವವಿದೆ. ಉತ್ತರಗಳು ಇಲಾಖೆಯಿಂದ ಇಲಾಖೆಗೆ ಬೇರೆಯಾದವು. ಸಾರಿಗೆ ಇಲಾಖೆಯ ಆಯವ್ಯಯ ಸುಮಾರು ಅರ್ಧಕ್ಕೆ ಇಳಿಯಿತು, ಮೂಲನಿವಾಸಿಗಳ ವ್ಯವಹಾರ ನೋಡಿಕೊಳ್ಳುವ ಇಲಾಖೆಯದು ಇಳಿಯಲಿಲ್ಲ. ಬಯಲುಸೀಮೆಯ ಧಾನ್ಯವನ್ನು ರೈಲಿನಲ್ಲಿ ಬಂದರಿಗೆ ಸಾಗಿಸಲು ಕೊಡುತ್ತಿದ್ದ, 1897ರ ಒಪ್ಪಂದವೊಂದರಲ್ಲಿ ಬೇರಿದ್ದ ಸಬ್ಸಿಡಿಯನ್ನು 1995ರಲ್ಲಿ ನಿಲ್ಲಿಸಲಾಯಿತು. ಅದನ್ನೇ ನಂಬಿದ್ದ ಜಮೀನಿನ ಒಡೆಯರಿಗೆ ಒಂದೇ ಸಲಕ್ಕೆ ಪರಿಹಾರವಾಗಿ 160 ಕೋಟಿ ಡಾಲರ್ ತೆಗೆದಿಡಲಾಯಿತು. ವಿಮಾನ ಸಂಚಾರ ನಿಯಂತ್ರಣವನ್ನು 1996ರಲ್ಲಿ ನ್ಯಾವ್ ಕೆನಡಾ ಎಂಬ ಲಾಭರಹಿತ ಸಂಸ್ಥೆಗೆ 150 ಕೋಟಿ ಡಾಲರಿಗೆ ವಹಿಸಲಾಯಿತು. ಇಲ್ಲಿಯೂ ಖರ್ಚು ಸ್ಥಳ ಬದಲಿಸಿತು, ನಿಜ. ಆದರೆ ತೆರಿಗೆದಾರರಿಂದ ವಿಮಾನ ಕಂಪನಿಗಳಿಗೆ, ಎಂದರೆ ಸೇವೆಯನ್ನು ಬಳಸುವವರಿಗೇ, ಬಹಿರಂಗವಾಗಿ, ದರಪಟ್ಟಿಯ ಮೂಲಕ ಹೋಯಿತು. 1997-98ಕ್ಕೆ ಕೇಂದ್ರದ ಲೆಕ್ಕ ಸರಿದೂಗಿತು. 1969-70ರ ನಂತರ ಅದೇ ಮೊದಲು.

ಅಮೆರಿಕದ ಆರ್ಥಿಕತೆ ಆಗ ಏರುಮುಖದಲ್ಲಿತ್ತು, ಬಡ್ಡಿದರ ಇಳಿಯುತ್ತಿತ್ತು, ಕೆನಡಾದ ಡಾಲರ್ ಅಗ್ಗವಾಗಿ ರಫ್ತು ಏರಿತು, ಹಾಗಾಗಿ ಯಶಸ್ಸು ಪರಾಮರ್ಶೆಯದ್ದಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಈ ಆಕ್ಷೇಪದಲ್ಲಿ ಬಹಳಷ್ಟು ಸತ್ಯವಿದೆ. ಕೊರತೆ ಅಷ್ಟು ಬೇಗ ಮಾಯವಾದದ್ದರಲ್ಲಿ ಅದೃಷ್ಟದ ಪಾಲೂ ಇತ್ತು. ಅದಕ್ಕಿಂತ ಗಂಭೀರವಾದ ಇನ್ನೊಂದು ಆಕ್ಷೇಪವಿದೆ. ಆರೋಗ್ಯ, ಉನ್ನತ ಶಿಕ್ಷಣ, ಸಾಮಾಜಿಕ ನೆರವಿಗೆಂದು ಪ್ರಾಂತಗಳಿಗೆ ಕೊಡುತ್ತಿದ್ದ ಹಣವನ್ನು 1996-97ರಿಂದ ಒಂದೇ ಅನುದಾನವಾಗಿ ಕೂಡಿಸಿ, ಅದರ ಮೊತ್ತವನ್ನು ಕೇಂದ್ರ ತಗ್ಗಿಸಿತು. ಆ ಪಾಲು ಮಿತವ್ಯಯವಲ್ಲ, ಹೊರೆಯ ವರ್ಗಾವಣೆ. ಪ್ರಾಂತಗಳು ಆಸ್ಪತ್ರೆಗಳನ್ನು ಮುಚ್ಚಿದವು, ಸಿಬ್ಬಂದಿಯನ್ನು ಬಿಡಿಸಿದವು. ಒಂಟಾರಿಯೊದಲ್ಲಂತೂ 1995ರಲ್ಲಿ ಅಧಿಕಾರಕ್ಕೆ ಬಂದ ಮೈಕ್ ಹ್ಯಾರಿಸ್ ಸರ್ಕಾರ, ಆದಾಯ ತೆರಿಗೆಯನ್ನು ಇಳಿಸುವ ತನ್ನದೇ ಭರವಸೆಯನ್ನೂ ಈಡೇರಿಸಬೇಕಿದ್ದರಿಂದ, ಇನ್ನೂ ಆಳವಾದ ಕಡಿತಕ್ಕೆ ಕೈಹಾಕಿತು. ಪರಿಸರ ಸಚಿವಾಲಯದ ಸಿಬ್ಬಂದಿಯಲ್ಲಿ ಶೇ 30ಕ್ಕೂ ಹೆಚ್ಚು ಜನ ಕಡಿಮೆಯಾದರು. ಊರೂರಿನ ಕುಡಿಯುವ ನೀರನ್ನು ಪರೀಕ್ಷಿಸುತ್ತಿದ್ದ ಸರ್ಕಾರಿ ಪ್ರಯೋಗಾಲಯಗಳು 1996ರಲ್ಲಿ ಆ ಕೆಲಸ ನಿಲ್ಲಿಸಿದವು. ಪರೀಕ್ಷೆ ಖಾಸಗಿಯವರ ಪಾಲಾಯಿತು.

ಮುಂದಿನದು ನಡೆದದ್ದು ವಾಕರ್‌ಟನ್ ಎಂಬ, ಸುಮಾರು 4,800 ಜನರ ಊರಿನಲ್ಲಿ. 2000ದ ಮೇ ತಿಂಗಳ ಎರಡನೇ ವಾರ ಜೋರು ಮಳೆಯಾಯಿತು. ಪಕ್ಕದ ಹೊಲದ ಸಗಣಿಗೊಬ್ಬರದ ರೋಗಾಣು ಆಳವಿಲ್ಲದ ಒಂದು ಬಾವಿಗೆ ಇಳಿಯಿತು. ನೀರಿನಲ್ಲಿ ಉಳಿದ ಕ್ಲೋರಿನ್ ಎಷ್ಟೆಂದು ಸತತವಾಗಿ ಅಳೆಯುವ ಉಪಕರಣ ಆ ಬಾವಿಗೆ ಇರಲಿಲ್ಲ; ಅಳೆಯಬೇಕಾದ ನೌಕರರು ಅಳೆಯದೆಯೇ ದಾಖಲೆ ಪುಸ್ತಕದಲ್ಲಿ ಅಂಕಿ ತುಂಬುತ್ತಿದ್ದರು. ಮೇ 15ರಂದು ತೆಗೆದ ನೀರಿನ ಮಾದರಿ ಕೆಟ್ಟಿದೆ ಎಂಬ ವರದಿ 17ರಂದು ಖಾಸಗಿ ಪ್ರಯೋಗಾಲಯದಿಂದ ಫ್ಯಾಕ್ಸ್ ಮೂಲಕ ಹೋಯಿತು. ಹೋದದ್ದು ಊರಿನ ನೀರು ಪೂರೈಕೆ ಕಚೇರಿಗೆ ಮಾತ್ರ. ಪರೀಕ್ಷೆಯನ್ನು ಖಾಸಗಿಗೆ ಬಿಡುವಾಗ, ಕೆಟ್ಟ ಫಲಿತಾಂಶ ಬಂದರೆ ಸಚಿವಾಲಯಕ್ಕೂ ಆರೋಗ್ಯಾಧಿಕಾರಿಗೂ ತಿಳಿಸಲೇಬೇಕೆಂಬ ಕಾನೂನನ್ನು ಯಾರೂ ಮಾಡಿರಲಿಲ್ಲ. ಕಚೇರಿಯವರು ಅದನ್ನು ಮುಚ್ಚಿಟ್ಟರು. ನೀರು ಕುದಿಸಿ ಕುಡಿಯಿರಿ ಎಂದು ಆರೋಗ್ಯಾಧಿಕಾರಿ ತಾವಾಗಿಯೇ ಎಚ್ಚರಿಕೆ ಕೊಟ್ಟದ್ದು 21ರಂದು. ಅಷ್ಟರಲ್ಲಿ ರೋಗ ಊರೆಲ್ಲ ಹಬ್ಬಿತ್ತು: 7 ಸಾವು, ಸುಮಾರು 2,300 ಜನ ಅಸ್ವಸ್ಥ. ನ್ಯಾಯಮೂರ್ತಿ ಡೆನಿಸ್ ಓಕಾನರ್ ಅವರ ವಿಚಾರಣಾ ವರದಿ 2002ರಲ್ಲಿ ಬಂತು. ಸ್ಥಳೀಯ ನೌಕರರು ಗಂಭೀರ ತಪ್ಪು ಮಾಡಿದರೆಂದು ಅವರು ಹೇಳಿದರು. ಜೊತೆಗೆ, ಆಯವ್ಯಯ ಕಡಿತದಿಂದ ತಪಾಸಣೆ ಸಡಿಲವಾಗಿ ಆ ತಪ್ಪು ಬಯಲಾಗುವ ಸಾಧ್ಯತೆ ಕುಗ್ಗಿತೆಂದೂ, ಕಡಿತದ ಅಪಾಯವನ್ನು ಸರ್ಕಾರ ಅಳೆದು ನೋಡಲಿಲ್ಲವೆಂದೂ ದಾಖಲಿಸಿದರು. ಅದೇ ವರ್ಷ ಒಂಟಾರಿಯೊ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆ ಮಾಡಿ, ತೆಗೆದುಹಾಕಿದ್ದ ಕಾವಲನ್ನು ಹೊಸ ಖರ್ಚಿನಲ್ಲಿ ಮತ್ತೆ ಕಟ್ಟಿತು. ತಪಾಸಣೆಯ ಕೆಲಸಕ್ಕೆ ಒಂದು ದುರದೃಷ್ಟವಿದೆ. ಅದು ಚೆನ್ನಾಗಿ ನಡೆದಾಗ ಏನೂ ಆಗುವುದಿಲ್ಲ. ಏನೂ ಆಗದಿರುವುದನ್ನು ಸಾಧನೆಯೆಂದು ಬರೆಯುವ ಅಂಕಣ ಯಾವ ಲೆಕ್ಕಪುಸ್ತಕದಲ್ಲೂ ಇಲ್ಲ, ಆದ್ದರಿಂದ ಕತ್ತರಿ ಮೊದಲು ಬೀಳುವುದು ಅದರ ಮೇಲೆಯೇ.

ಶೇಕಡಾವಾರು ಕಡಿತದ ಪರವಾಗಿಯೂ ಒಂದು ಬಲವಾದ ವಾದವಿದೆ. ಆಯ್ದು ಕಡಿತ ಮಾಡುತ್ತೇವೆಂದು ಕುಳಿತರೆ ಪ್ರತಿ ಇಲಾಖೆ, ಪ್ರತಿ ಒತ್ತಡ ಗುಂಪು ತನ್ನ ಕೆಲಸವೇ ಪರಮಾವಶ್ಯಕ ಎಂದು ವಾದಿಸುತ್ತದೆ. ವರ್ಷ ಕಳೆದರೂ ತೀರ್ಮಾನವಾಗುವುದಿಲ್ಲ. ಎಲ್ಲರಿಗೂ ಒಂದೇ ಅಳತೆ ಎಂದರೆ ಜಗಳವಿಲ್ಲ ಎಂಬುದು ಆ ವಾದ. ತುರ್ತು ಬಿಕ್ಕಟ್ಟಿನ ಮೊದಲ ಕೆಲವು ತಿಂಗಳಿಗೆ ಇದನ್ನು ಒಪ್ಪಬಹುದು. ಅದಕ್ಕಿಂತ ಹೆಚ್ಚು ಕಾಲ ಎಳೆದರೆ ಸಮಾನತೆ ಎಂಬುದು ಹೆಸರಿಗಷ್ಟೇ ಉಳಿಯುತ್ತದೆ. ಕೊಬ್ಬಿರುವ ಇಲಾಖೆ ಶೇ 10 ಕಳೆದುಕೊಂಡರೂ ಅದಕ್ಕೆ ನೋವಿಲ್ಲ, ಮೊದಲೇ ಮೈ ಹಿಂಡಿ ದುಡಿಯುತ್ತಿದ್ದ ಇಲಾಖೆಗೆ ಮೂಳೆಯೇ ಮುರಿಯುತ್ತದೆ. ಅಷ್ಟೇ ಅಲ್ಲ, ಮುಂದಿನ ಕಡಿತದಲ್ಲಿ ಕಳೆದುಕೊಳ್ಳಲು ಒಂದಿಷ್ಟು ಇರಲಿ ಎಂದು ಎಲ್ಲರೂ ಬೇಡಿಕೆಯನ್ನು ಮೊದಲೇ ಉಬ್ಬಿಸಿ ಬರೆಯುವುದನ್ನು ಅದು ಕಲಿಸುತ್ತದೆ. ಹಣ ವಾಪಸಾದೀತೆಂಬ ಭಯದಲ್ಲಿ ಮಾರ್ಚ್ ತಿಂಗಳ ಕೊನೆಯ ವಾರ ಖಜಾನೆಗಳಲ್ಲಿ ಬಿಲ್ಲುಗಳು ಸಾಲುಗಟ್ಟುವುದು ಇದೇ ರೋಗದ ಇನ್ನೊಂದು ಲಕ್ಷಣ.

ಖರ್ಚು ಸ್ಥಳ ಬದಲಿಸದೆ ನಿಜವಾಗಿಯೇ ಕರಗುವುದು ಕೆಲಸದ ದಾರಿ ಬದಲಾದಾಗ. ಕರ್ನಾಟಕದ ‘ಭೂಮಿ’ ಯೋಜನೆ ಇದಕ್ಕೆ ಒಳ್ಳೆಯ ಪಾಠ. 2000ದ ಸುಮಾರಿಗೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿ, ಕೈಬರಹದಲ್ಲಿ ಇದ್ದವು. ಬ್ಯಾಂಕಿನ ಬೆಳೆಸಾಲಕ್ಕೆ ಪಹಣಿ ಬೇಕಾದ ರೈತ ಮೊದಲು ಲೆಕ್ಕಿಗ ಯಾವ ಊರಿನಲ್ಲಿದ್ದಾರೆಂದು ಹುಡುಕಬೇಕಿತ್ತು, ಸಿಕ್ಕ ಮೇಲೆ ಕೈ ಬೆಚ್ಚಗೆ ಮಾಡಬೇಕಿತ್ತು. ಎಲ್ಲವನ್ನೂ ಗಣಕಕ್ಕೆ ಏರಿಸಿದ ಮೇಲೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾಯಿತು. ಕಿಟಕಿಯಲ್ಲಿ ಎರಡನೆಯದೊಂದು ಪರದೆ ರೈತನ ಕಡೆಗೇ ಮುಖಮಾಡಿತ್ತು, ಸಿಬ್ಬಂದಿ ಏನು ತೆರೆಯುತ್ತಿದ್ದಾರೆಂದು ಅವನೂ ನೋಡಬಹುದಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂದು ತಂತ್ರಾಂಶವೇ ಕಟ್ಟುಮಾಡಿತು. ಆದರೆ ಖರ್ಚು ಯಾರ ಲೆಕ್ಕಕ್ಕೆ ಹೋಯಿತೆಂಬ ಮೊದಲಿನ ಪ್ರಶ್ನೆಯನ್ನು ಇಲ್ಲೂ ಬಿಡುವಂತಿಲ್ಲ. ಊರಲ್ಲಿದ್ದ ಸೇವೆ ತಾಲ್ಲೂಕು ಕೇಂದ್ರಕ್ಕೆ ಹೋದದ್ದರಿಂದ ಬಸ್ ಚಾರ್ಜು ಮತ್ತು ಒಂದು ದಿನದ ದುಡಿಮೆ ರೈತನ ಲೆಕ್ಕಕ್ಕೆ ಬಂದವು. ಅದನ್ನು ಸರಿಪಡಿಸಲು 2006ರಿಂದ ಹೋಬಳಿ ಮಟ್ಟದ ನೆಮ್ಮದಿ ಕೇಂದ್ರಗಳು, ಆಮೇಲೆ ನಾಡಕಚೇರಿಗಳಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಬಂದವು. ಗ್ರಾಮಲೆಕ್ಕಿಗರ ಹುದ್ದೆಯನ್ನು ಭೂಮಿ ರದ್ದು ಮಾಡಲಿಲ್ಲ, ಸಂಬಳದ ಬಾಬತ್ತು ಇಳಿಯಲಿಲ್ಲ. ಅದರ ಲಾಭ ಕಾಣುವುದು ರೈತನ ಜೇಬಿನಲ್ಲಿ. ರಾಜ್ಯದ ಆಯವ್ಯಯವನ್ನಷ್ಟೇ ನೋಡುವವರಿಗೆ ಭೂಮಿ ಒಂದು ಹೊಸ ಖರ್ಚು ಮಾತ್ರ.

ಖರೀದಿಯಲ್ಲಿ ಉಳಿತಾಯ ಇನ್ನೂ ನೇರ. ತಮಿಳುನಾಡು 1994ರಲ್ಲಿ ಸ್ಥಾಪಿಸಿದ ವೈದ್ಯಕೀಯ ಸೇವಾ ನಿಗಮ ಇಡೀ ರಾಜ್ಯದ ಸರ್ಕಾರಿ ಆಸ್ಪತ್ರೆಗಳ ಔಷಧಿಯನ್ನು ಒಟ್ಟಾಗಿ, ಬ್ರಾಂಡ್ ಹೆಸರಿಲ್ಲದೆ, ಬಹಿರಂಗ ಟೆಂಡರಿನಲ್ಲಿ ಕೊಂಡು ಜಿಲ್ಲಾ ಉಗ್ರಾಣಗಳಲ್ಲಿ ಇಡುತ್ತದೆ. ಪ್ರತಿ ಆಸ್ಪತ್ರೆಗೂ ಬ್ಯಾಂಕಿನದರಂತೆ ಒಂದು ಪಾಸ್‌ಬುಕ್ ಇದೆ. ಎಷ್ಟು ಮೊತ್ತದ ಔಷಧಿ ಹಂಚಿಕೆಯಾಗಿದೆ, ಎಷ್ಟು ಒಯ್ದಿದ್ದಾರೆ ಎಂಬುದು ಅದರಲ್ಲಿ ದಾಖಲಾಗುತ್ತದೆ. ಬಂದ ಸರಕಿನ ಮಾದರಿಗಳನ್ನು ತಯಾರಕರ ಗುರುತು ಮರೆಮಾಡಿ ಪರೀಕ್ಷೆಗೆ ಕಳಿಸುತ್ತಾರೆ. ಕರ್ನಾಟಕವೂ ಇದೇ ದಾರಿಯಲ್ಲಿ ಔಷಧ ಖರೀದಿ ಮತ್ತು ದಾಸ್ತಾನಿಗೆ ಪ್ರತ್ಯೇಕ ಸಂಸ್ಥೆ ಮಾಡಿಕೊಂಡಿತು. ರಾಜಸ್ಥಾನ 2011ರ ತನ್ನ ಉಚಿತ ಔಷಧ ಯೋಜನೆಗೆ ತಮಿಳುನಾಡಿನ ಪದ್ಧತಿಯನ್ನೇ ಮಾದರಿ ಮಾಡಿಕೊಂಡಿತು. ಎಲ್‌ಇಡಿ ಬಲ್ಬುಗಳನ್ನು ದೇಶಕ್ಕೆಲ್ಲ ಒಟ್ಟಾಗಿ ಕೊಂಡಾಗ 2014ರಲ್ಲಿ 310 ರೂಪಾಯಿಯಿದ್ದ ಖರೀದಿ ಬೆಲೆ ಎರಡು-ಮೂರು ವರ್ಷದಲ್ಲಿ 38 ರೂಪಾಯಿಗೆ ಬಂತು. ತಯಾರಿಕೆಯೇ ಅಗ್ಗವಾದದ್ದೂ ಇದಕ್ಕೆ ಕಾರಣ; ಆದರೂ ಸಗಟು ಬೇಡಿಕೆಯ ಬಲ ಚಿಕ್ಕದಲ್ಲ. ಕರ್ನಾಟಕದ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವೂ ಟೆಂಡರನ್ನು ಬಹಿರಂಗಕ್ಕೆ ತರುವ ಇದೇ ಉದ್ದೇಶದಿಂದ ಹುಟ್ಟಿದ್ದು. ಅತಿ ಕಡಿಮೆ ದರ ಕೂಗಿದವರಿಗೇ ಕಣ್ಣುಮುಚ್ಚಿ ಕೊಟ್ಟರೆ ಕಳಪೆ ಮಾಲು ಬರುವುದಿಲ್ಲವೇ ಎಂಬ ಶಂಕೆ ನ್ಯಾಯವಾದದ್ದು. ಪಾಸ್‌ಬುಕ್ಕಿನಷ್ಟೇ ಮುಖ್ಯವಾದದ್ದು ಗುರುತು ಮರೆಮಾಡಿದ ಆ ಪರೀಕ್ಷೆ. ಅದನ್ನು ಖರ್ಚೆಂದು ಕೈಬಿಟ್ಟ ದಿನ ಇಡೀ ವ್ಯವಸ್ಥೆ ವಾಕರ್‌ಟನ್ನಿನ ಬಾವಿಯಾಗುತ್ತದೆ.

ಲೆಕ್ಕದ ಹೊರಗೆ ಖರ್ಚನ್ನು ಸರಿಸುವ ಆಕರ್ಷಣೆ ಶಿಸ್ತಿನ ರಾಜ್ಯಗಳನ್ನೂ ಬಿಟ್ಟಿಲ್ಲ. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿದ ದೇಶದ ಮೊದಲ ರಾಜ್ಯ ಕರ್ನಾಟಕ. ವಿತ್ತೀಯ ಕೊರತೆಗೆ ಶೇ 3ರ ಮಿತಿ ಹಾಕಿಕೊಂಡಿತು, 2004-05ರಲ್ಲಿ ರಾಜಸ್ವ ಲೆಕ್ಕದಲ್ಲಿ ಹೆಚ್ಚುವರಿ ತೋರಿಸಿತು. ಹೆಮ್ಮೆಪಡಬೇಕಾದ ಸಾಧನೆಯೇ. ಆದರೆ ನೀರಾವರಿಗೆಂದು 1994ರಲ್ಲಿ ಹುಟ್ಟಿದ ಕೃಷ್ಣಾ ಭಾಗ್ಯ ಜಲ ನಿಗಮದಂಥ ಸಂಸ್ಥೆಗಳು ತಮ್ಮ ಹೆಸರಲ್ಲಿ ಎತ್ತಿದ ಸಾಲವನ್ನು ತೀರಿಸಬೇಕಾದದ್ದು ರಾಜ್ಯದ ಆಯವ್ಯಯವೇ. ಇಂಥ ಸಾಲಗಳನ್ನು ರಾಜ್ಯಗಳ ಸಾಲವೆಂದೇ ಎಣಿಸುವುದಾಗಿ ಕೇಂದ್ರ 2022ರಲ್ಲಿ ಹೇಳಿತು. 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್‌ಗಳ ಉಚಿತ ವಿದ್ಯುತ್ತಿನ ಕಥೆಯೂ ಹೀಗೆಯೇ. ಬಹುಪಾಲು ಪಂಪ್‌ಸೆಟ್‌ಗಳಿಗೆ ಮೀಟರ್ ಇಲ್ಲದ್ದರಿಂದ ಬಳಕೆ ಅಂದಾಜಿನಲ್ಲೇ ಉಳಿಯುತ್ತದೆ, ಸಬ್ಸಿಡಿ ತಡವಾದರೆ ಹೊರೆ ವಿದ್ಯುತ್ ಕಂಪನಿಗಳ ಪುಸ್ತಕಕ್ಕೆ ಹೋಗುತ್ತದೆ. ಮೀಟರ್ ಹಾಕಿ ಎಂದರೆ ರೈತವಿರೋಧಿ ಎಂಬ ಕೂಗು ಏಳುತ್ತದೆ. ಅಳೆದರೆ ಕಿತ್ತುಕೊಂಡಂತೆ ಎಂಬ ಆ ಭಯ ಅಕಾರಣವಲ್ಲ, ಹಿಂದೆ ಹಾಗೆ ಆದದ್ದುಂಟು. ಆದರೂ ಉಚಿತವಾಗಿ ಕೊಡುವುದನ್ನೂ ಅಳೆದು ಕೊಡಬಹುದು. ಎರಡು ಎಕರೆಯ ಬಾವಿಗೆ ಎಷ್ಟು ಹೋಯಿತು, ಸೋರಿಕೆಯೆಷ್ಟು ಎಂದು ಗೊತ್ತಾಗದಿದ್ದರೆ ಬಡ ರೈತನ ಹೆಸರಲ್ಲಿ ಯಾರ ನಷ್ಟವನ್ನು ತುಂಬುತ್ತಿದ್ದೇವೆಂದು ಹೇಳಲಾಗದು.

ಹೊರಗುತ್ತಿಗೆಯನ್ನು ಮಿತವ್ಯಯದ ಮಂತ್ರವೆಂದು ತಿಳಿಯುವವರು ಬಹಳ. ಕರಾರಿನಲ್ಲಿ ಏನು ಕೇಳುತ್ತಿದ್ದೇವೆಂದು ಸ್ಪಷ್ಟವಾಗಿ ಬರೆದು, ಆಗಿದೆಯೇ ಎಂದು ಅಳೆಯಬಹುದಾದ ಕೆಲಸದಲ್ಲಿ ಅದು ಫಲಿಸುತ್ತದೆ. ಕಸ ಗುಡಿಸುವುದು ಅಂಥದ್ದೇ ಎಂದು ನಗರಪಾಲಿಕೆಗಳು ಭಾವಿಸಿದ್ದವು. ಆದರೆ ಸಂಬಳ ಗುತ್ತಿಗೆದಾರರ ಕೈಯಲ್ಲಿ ಸೋರುತ್ತಿತ್ತು, ಹಾಜರಿ ಪುಸ್ತಕದಲ್ಲಿ ಇಲ್ಲದವರ ಹೆಸರೂ ಇರುತ್ತಿತ್ತು. ಕೊನೆಗೆ 2017-18ರ ಹೊತ್ತಿಗೆ ಕರ್ನಾಟಕ ಪೌರಕಾರ್ಮಿಕರಿಗೆ ನೇರವಾಗಿ ವೇತನ ಕೊಡುವ ಪದ್ಧತಿಗೆ ತಿರುಗಿತು. ಇನ್ನು ಶಾಲೆ, ಆಸ್ಪತ್ರೆಗಳ ವಿಷಯದಲ್ಲಿ ಅರ್ಥಶಾಸ್ತ್ರಜ್ಞ ವಿಲಿಯಂ ಬೌಮಾಲ್ 1960ರ ದಶಕದಲ್ಲಿ ಎತ್ತಿದ ಮಾತನ್ನು ಮರೆಯುವಂತಿಲ್ಲ. ಅವರು ಗಮನಿಸಿದ್ದು ರಂಗಕಲೆಗಳನ್ನು. ನಮ್ಮಲ್ಲಾದರೆ ಇಡೀ ರಾತ್ರಿಯ ಯಕ್ಷಗಾನವನ್ನು ನೆನೆಯಬಹುದು. ನೂರು ವರ್ಷದ ಹಿಂದೆ ಒಂದು ಪ್ರಸಂಗಕ್ಕೆ ಎಷ್ಟು ವೇಷ, ಎಷ್ಟು ಹಿಮ್ಮೇಳ ಬೇಕಿತ್ತೋ ಇಂದೂ ಹೆಚ್ಚುಕಡಿಮೆ ಅಷ್ಟೇ ಬೇಕು. ಆದರೆ ಕಲಾವಿದರ ಸಂಭಾವನೆ ಉಳಿದವರ ಆದಾಯದ ಜೊತೆ ಏರಲೇಬೇಕು. ಮೇಷ್ಟರು, ದಾದಿಯರ ಕೆಲಸವೂ ಹಾಗೆಯೇ. ಆದ್ದರಿಂದ ಈ ಸೇವೆಗಳ ವೆಚ್ಚ ಏರುವುದೆಲ್ಲ ಅದಕ್ಷತೆಯ ಗುರುತಲ್ಲ. ಅತಿಥಿ ಶಿಕ್ಷಕರನ್ನು ಕಡಿಮೆ ಗೌರವಧನಕ್ಕೆ ವರ್ಷ ವರ್ಷವೂ ನೇಮಿಸಿಕೊಂಡು ಉಳಿಸಿದ ಹಣವನ್ನು ದಕ್ಷತೆ ಎನ್ನಲಾಗದು. ಅದನ್ನು ಭರಿಸುತ್ತಿರುವವರು ಆ ಶಿಕ್ಷಕರೂ, ಜೂನ್‌ನಲ್ಲಿ ಮೇಷ್ಟರಿಲ್ಲದೆ ತಿಂಗಳುಗಟ್ಟಲೆ ಕಾಯುವ ಮಕ್ಕಳೂ.

ಕಾಯುವಿಕೆಗೂ ಬೆಲೆ ಇದೆ ಎಂದು ಕಾನೂನಿನಲ್ಲಿ ಬರೆದ ಉದಾಹರಣೆ ಕರ್ನಾಟಕದಲ್ಲಿದೆ. 2011ರ ನಾಗರಿಕ ಸೇವೆಗಳ ಖಾತರಿ ಅಧಿನಿಯಮ, ಜನರ ಬಾಯಲ್ಲಿ ‘ಸಕಾಲ’, 2012ರ ಏಪ್ರಿಲ್‌ನಲ್ಲಿ 11 ಇಲಾಖೆಗಳ 151 ಸೇವೆಗಳೊಂದಿಗೆ ರಾಜ್ಯದಾದ್ಯಂತ ಜಾರಿಗೆ ಬಂತು. ಪ್ರತಿ ಸೇವೆಗೂ ಇಷ್ಟು ದಿನ ಎಂದು ಗೊತ್ತುಮಾಡಿ, ಅರ್ಜಿ ಕೊಟ್ಟವರಿಗೆ ಸಂಖ್ಯೆಯಿರುವ ಸ್ವೀಕೃತಿ ಕೊಡಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ, ಅರ್ಜಿದಾರರಿಗೆ ಪರಿಹಾರ. ಆ ಹಣವನ್ನು ತಡಮಾಡಿದ ನೌಕರರಿಂದಲೇ ವಸೂಲು ಮಾಡಬೇಕು. 20 ರೂಪಾಯಿ ಯಾವ ಕೂಲಿಗೂ ಸಾಟಿಯಲ್ಲ. ಆದರೆ ಕಚೇರಿಯ ಮುಂದಿನ ಮರದ ಕೆಳಗೆ ಕುಳಿತು ಕಾಯುವವರ ದಿನವನ್ನು ಸರ್ಕಾರಿ ಲೆಕ್ಕ ಅಲ್ಲಿಯವರೆಗೆ ಸೊನ್ನೆ ಎಂದೇ ಹಿಡಿದಿತ್ತು.